ಕತ್ತಲಲ್ಲಿಟ್ಟದ್ದೂ ಸತ್ತಿತ್ತು

ಆ ದಿನ ಬೆಳಿಗ್ಗೆ ಕುಣಿಯುವುದೊಂದು ಬಾಕಿ. ಚಿನ್ನದ ನ್ಯಾನೋ ಕಡ್ಡಿಗಳನ್ನು ಎಂಆರ್‌ಎಸ್‌ಎ (ಮೆಥಿಸಿಲಿನ್ ಅನ್ನುವ ಆಂಟಿಬಯಾಟಿಕ್‌ಗೆ ಬಗ್ಗದ ಸ್ಟಫಿಲೊಕಾಕಸ್ ಔರಿಯಸ್ ಬ್ಯಾಕ್ಟೀರಿಯಾ) ಜೊತೆ ಬೆರೆಸಿ, 808 ನ್ಯಾನೋಮೀಟರ್ ಲೇಸರ್ ಬಿಟ್ಟು, ಅಗರ್ ತಟ್ಟೆಗೆ ಹಚ್ಚಿ ರಾತ್ರಿಯಿಡೀ ಇನ್‌ಕ್ಯುಬೇಟರ್‌ನಲ್ಲಿ ಇಟ್ಟಿದ್ದೆ. ಕಡ್ಡಿ ಬೆಳಕು ಹೀರಿ ಕಾದು ಗಾಯದ ಬ್ಯಾಕ್ಟೀರಿಯಾವನ್ನು ಕೊಲ್ಲಬೇಕು ಅನ್ನುವುದು ಲೆಕ್ಕಾಚಾರ. ನೋಡಿದರೆ ಬ್ಯಾಕ್ಟೀರಿಯಾದ ಒಂದೇ ಒಂದು ಕಾಲೊನಿ ಇಲ್ಲ! ಆಮೇಲೆ ಪಕ್ಕದ ತಟ್ಟೆ ತೆಗೆದೆ. ಅದರ ಸ್ಯಾಂಪಲ್‌ಗೂ ಕಡ್ಡಿ ಹಾಕಿದ್ದೆ, ಆದರೆ ಫಾಯಿಲ್ ಸುತ್ತಿ ಕತ್ತಲಲ್ಲೇ ಇಟ್ಟಿದ್ದೆ. ಅದೂ ಖಾಲಿ.

ಬೆಳಕಿಲ್ಲದೆಯೂ ಸಾಯುವುದಾದರೆ ಲೇಸರ್ ಯಾಕೆ, ಅಲ್ವಾ?

ಕೊಂದದ್ದು ಸಿಟಿಎಬಿ. ಚಿನ್ನ ಗುಂಡಗಾಗದೆ ಕಡ್ಡಿಯಾಗಿ ಬೆಳೆಯಲಿ ಅಂತ ಹಾಕುವ ಸೋಪಿನಂಥ ವಸ್ತು ಇದು. ಎಸಿ ಸ್ವಲ್ಪ ಜಾಸ್ತಿಯಾದರೂ ಬಾಟಲಿಯಲ್ಲಿ ಬಿಳಿ ಹರಳು ಕಟ್ಟುತ್ತದೆ, ಮತ್ತೆ ಬೆಚ್ಚಗೆ ಮಾಡಿಕೊಂಡು ಕೂರಬೇಕು. ಬ್ಯಾಕ್ಟೀರಿಯಾದ ಪೊರೆಯನ್ನೂ ಹರಿಯುತ್ತದೆ, ಚರ್ಮದ ಜೀವಕೋಶವನ್ನೂ ಬಿಡುವುದಿಲ್ಲ. ಗಾಯಕ್ಕೆ ಇದನ್ನು ಹಾಕಲಿಕ್ಕಾಗುತ್ತದೆಯೇ?

ತೊಳೆದರಾಯಿತು ಅಂದುಕೊಂಡೆ. ಸೆಂಟ್ರಿಫ್ಯೂಜ್‌ನಲ್ಲಿ ಎರಡು ಸಲ ತಿರುಗಿಸಿದಾಗ ಎಲ್ಲ ಸರಿಯಿತ್ತು, ಆಸೆಬಿದ್ದು ಮೂರನೇ ಸಲ ತೊಳೆದೆ ನೋಡಿ, ಕೆಂಗಂದು ಬಣ್ಣದ ದ್ರಾವಣ ಕಣ್ಣೆದುರೇ ಬೂದು ಬಣ್ಣಕ್ಕೆ ತಿರುಗಿ ಕಡ್ಡಿಗಳೆಲ್ಲ ಒಂದಕ್ಕೊಂದು ಅಂಟಿ ತಳ ಸೇರಿದವು. ಆ ಬ್ಯಾಚ್ ಚರಂಡಿಗೂ ಹಾಕುವಂತಿಲ್ಲ, ವೇಸ್ಟ್ ಡಬ್ಬಕ್ಕೆ ಹೋಯಿತು. ಮುಂದಿನ ಸಲ ಒಂದೇ ಸಲ ತೊಳೆದು ಪೆಗ್-ಥಯಾಲ್ (ಸಿಟಿಎಬಿ ಬದಲು ಕಡ್ಡಿಗೆ ಹೊದಿಕೆಯಾಗಿ, ಒಂದಕ್ಕೊಂದು ಅಂಟದಂತೆ ಇಡುವ ಪಾಲಿಮರ್) ಹಾಕಿ ರಾತ್ರಿಯಿಡೀ ಕಲಕಲು ಬಿಟ್ಟೆ. ಥಯಾಲ್‌ನ ಗಂಧಕ ಚಿನ್ನವನ್ನು ಬಿಗಿಯಾಗಿ ಹಿಡಿಯುತ್ತದೆ, ಸಿಟಿಎಬಿ ಜಾಗ ಬಿಡುತ್ತದೆ. ಆಮೇಲೆ ಮತ್ತೆ ತೊಳೆದರೂ ಬಣ್ಣ ಕೆಡಲಿಲ್ಲ.

ಈಗ ಕತ್ತಲ ತಟ್ಟೆ ತುಂಬಾ ಹಳದಿ ಕಾಲೊನಿ. ರೋಗಾಣು ಬೆಳೆದದ್ದಕ್ಕೆ ಅಷ್ಟು ಖುಷಿ ಯಾವತ್ತೂ ಆಗಿರಲಿಲ್ಲ. ಲೇಸರ್ ಮಾತ್ರ ಬಿಟ್ಟದ್ದರಲ್ಲೂ ಚೆನ್ನಾಗಿ ಬೆಳೆದಿತ್ತು. ಕಡ್ಡಿ, ಬೆಳಕು ಎರಡೂ ಇದ್ದದ್ದರಲ್ಲಿ ಮಾತ್ರ ಬೆರಳೆಣಿಕೆಯಷ್ಟು. (ಈ ಸ್ಟಫಿಲೊಕಾಕಸ್ ಹೆಸರಿನ 'ಔರಿಯಸ್' ಅಂದರೂ ಚಿನ್ನದ ಬಣ್ಣದ್ದು ಅಂತಲೇ ಅರ್ಥ!)

ಎಂಆರ್‌ಎಸ್‌ಎ ಮೆಥಿಸಿಲಿನ್‌ಗೆ ಬಗ್ಗದಿರಲು ಕಾರಣ ಅದರ ಪಿಬಿಪಿ2ಎ ಅನ್ನುವ ಪ್ರೋಟೀನ್. ಆ ಔಷಧಿಗೆ ಅದನ್ನು ಸರಿಯಾಗಿ ಹಿಡಿಯಲು ಬರುವುದಿಲ್ಲ. ಬಿಸಿಗೆ ಅಂಥ ಹಿಡಿತವೇ ಬೇಡ, ಕಡ್ಡಿ ಬೆಳಕು ಹೀರಿ ಕಾದರೆ ಸಾಕು. ಆದರೆ ಗಾಯದಲ್ಲಿ ಬ್ಯಾಕ್ಟೀರಿಯಾ ಸುಮ್ನೆ ತೇಲುತ್ತಾ ಇರುವುದಿಲ್ಲ, ಬಯೋಫಿಲ್ಮ್ ಅನ್ನುವ ಲೋಳೆ ಹೊದ್ದು ಕೂತಿರುತ್ತದೆ. ಪ್ಲಾಸ್ಟಿಕ್ ಮೇಲೆ ಬಯೋಫಿಲ್ಮ್ ಬೆಳೆಸಿ ಅದೇ ಲೇಸರ್ ಬಿಟ್ಟೆ. ಮೇಲಿನ ಪದರ ಸತ್ತಿತು, ಎರಡನೇ ದಿನ ಅಡಿಯಿಂದ ಮತ್ತೆ ಎದ್ದಿತು. ಪವರ್ ಏರಿಸೋಣವೆಂದರೆ ಚರ್ಮವೂ ಬೇಯುತ್ತದೆ. ಸದ್ಯ ಕಡಿಮೆ ಬಿಸಿಯ ಜೊತೆ ಆಂಟಿಬಯಾಟಿಕ್ ಸೇರಿಸಿ ನೋಡುತ್ತಿದ್ದೇನೆ.