ಈ ಧಾರಾವಾಹಿಯನ್ನು ಮುಂದೆ ನೋಡಬೇಕೇ? ನಿರ್ಧರಿಸುವುದು ಹೇಗೆ

ಧಾರಾವಾಹಿ ಚೆನ್ನಾಗಿದೆಯೇ ಎಂಬುದು ಒಂದು ಪ್ರಶ್ನೆ. ಅದನ್ನು ಮುಂದೆಯೂ ನೋಡಬೇಕೇ ಎಂಬುದು ಬೇರೆಯದೇ ಪ್ರಶ್ನೆ. ಅದ್ಭುತವಾಗಿ ಆರಂಭವಾಗಿ ನಡುವೆ ಸೊರಗಿದ ಸರಣಿಗಳಿವೆ, ತಡವಾಗಿ ಚಿಗುರಿದವೂ ಇವೆ. ಸಿನಿಮಾ ಕೆಟ್ಟದ್ದಾದರೆ ಒಂದು ಸಂಜೆ ಹೋಗುತ್ತದೆ, ಅಷ್ಟೇ. ಐದು ಸೀಸನ್‌ಗಳ ಧಾರಾವಾಹಿಯಾದರೆ ತಿಂಗಳುಗಟ್ಟಲೆ ರಾತ್ರಿಗಳನ್ನು ಕೊಡಬೇಕು. ಆ ಸಮಯ ನಮ್ಮದು. ಅದನ್ನು ಯಾರಿಗೆ ಕೊಡುತ್ತೇವೆ ಎಂಬುದನ್ನು ರಿಮೋಟ್‌ನ ಮರ್ಜಿಗೆ ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗಾಗಿ ನಿರ್ಧಾರಕ್ಕೆ ಬರುವ ದಾರಿಯನ್ನು ಒಂದೊಂದೇ ಹೆಜ್ಜೆಯಾಗಿ ಇಲ್ಲಿ ಹೇಳುತ್ತಿದ್ದೇನೆ. ಎಲ್ಲ ಹೆಜ್ಜೆಗಳ ಹಿಂದೆಯೂ ಇರುವ ಪ್ರಶ್ನೆ ಒಂದೇ: ಈ ಕತೆಯಲ್ಲಿ ಪಾತ್ರಗಳು ಮಾಡಿದ್ದಕ್ಕೆ ಪರಿಣಾಮವಿದೆಯೇ?

ಮೊದಲು ಉದ್ದ ತಿಳಿಯಿರಿ

ಶುರು ಮಾಡುವ ಮುನ್ನ ಒಟ್ಟು ಎಷ್ಟು ಕಂತುಗಳಿವೆ, ಕತೆ ಮುಗಿದಿದೆಯೇ, ಇನ್ನೂ ನಡೆಯುತ್ತಿದೆಯೇ ಅಥವಾ ಅರ್ಧದಲ್ಲೇ ರದ್ದಾಗಿದೆಯೇ ಎಂದು ನೋಡಿಕೊಳ್ಳಿ. 2019ರ ‘ಚೆರ್ನೋಬಿಲ್’ ಐದೇ ಕಂತುಗಳದ್ದು, ಆರು ಗಂಟೆಯೊಳಗೆ ಮುಗಿಯುತ್ತದೆ. ಅಂಥದ್ದರಲ್ಲಿ ‘ಮುಂದುವರಿಸಬೇಕೇ’ ಎಂಬ ಚಿಂತೆಯೇ ಅಷ್ಟಾಗಿ ಬೇಡ. ‘ಬ್ರೇಕಿಂಗ್ ಬ್ಯಾಡ್’ 62 ಕಂತುಗಳದ್ದು. ಒಂದೊಂದಕ್ಕೆ ಮುಕ್ಕಾಲು ಗಂಟೆ ಎಂದುಕೊಂಡರೂ 46 ಗಂಟೆ ದಾಟುತ್ತದೆ. ದಿನವೂ ಪ್ರಸಾರವಾಗುವ ಧಾರಾವಾಹಿಗೆ ಮುಕ್ತಾಯವೇ ಗೊತ್ತಿರುವುದಿಲ್ಲ. ಜನ ನೋಡುತ್ತಿರುವಷ್ಟು ಕಾಲ ಕತೆ ಎಳೆಯುತ್ತಲೇ ಇರುತ್ತದೆ. ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ರದ್ದಾದ ಸರಣಿಯ ಬಗ್ಗೆ ಒಂದು ಮಾತು. ಕತೆ ಮುಗಿಯದೆ ನಿಂತಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕಬೇಡಿ. ಪ್ರತಿ ಸೀಸನ್ನೂ ತನ್ನಷ್ಟಕ್ಕೆ ಒಂದು ಕತೆಯನ್ನು ಮುಗಿಸುತ್ತಿದ್ದರೆ ಅದನ್ನು ನೋಡಿದ್ದು ವ್ಯರ್ಥವಾಗುವುದಿಲ್ಲ.

ಎಷ್ಟು ಕಂತು ಅವಕಾಶ ಕೊಡಬೇಕು

ಮೊದಲ ಕಂತಿನ ಮೇಲೆ ತೀರ್ಪು ಕೊಡುವುದು ತಪ್ಪು. ಎಷ್ಟೋ ಸರಣಿಗಳಲ್ಲಿ ಅದನ್ನು ವಾಹಿನಿಯವರನ್ನು ಒಪ್ಪಿಸಲೆಂದು ಮೊದಲೇ ಬೇರೆಯಾಗಿ ಚಿತ್ರಿಸಿರುತ್ತಾರೆ. ಉಳಿದ ಕಂತುಗಳ ಬರಹ ಆಗ ಪೂರ್ತಿ ಸಿದ್ಧವಾಗಿಯೇ ಇರುವುದಿಲ್ಲ. ‘ಗೇಮ್ ಆಫ್ ಥ್ರೋನ್ಸ್’ನ ಮೊದಲ ಕಂತಿನ ಬಹುಭಾಗವನ್ನು ಮತ್ತೆ ಚಿತ್ರೀಕರಿಸಬೇಕಾಯಿತು, ಮುಖ್ಯ ಪಾತ್ರವೊಂದರ ನಟಿಯೇ ಬದಲಾದರು. ಮೊದಲ ಕಂತಿನಲ್ಲಿ ಪಾತ್ರಗಳ ಪರಿಚಯ, ಊರಿನ ಪರಿಚಯ, ಕೊನೆಗೊಂದು ಆಘಾತ ಎಲ್ಲವನ್ನೂ ತುರುಕುವುದರಿಂದ ಕತೆಯ ಸಹಜ ನಡಿಗೆ ಅಲ್ಲಿ ಕಾಣುವುದು ಅಪರೂಪ.

ನನ್ನ ಲೆಕ್ಕ ಹೀಗಿದೆ. ಎಂಟು–ಹತ್ತು ಕಂತುಗಳ ಸೀಸನ್ ಆದರೆ ಮೂರು ಕಂತು. ಇಪ್ಪತ್ತಕ್ಕೂ ಹೆಚ್ಚು ಕಂತುಗಳ ಸೀಸನ್ ಆದರೆ ಐದು. ದೈನಿಕ ಧಾರಾವಾಹಿಯಾದರೆ ಎರಡು ವಾರ. ನಿಧಾನಗತಿಯ ಕತೆಗೆ ಇನ್ನೊಂದೆರಡು ಕಂತು ಹೆಚ್ಚಿಗೆ ಕೊಡಬಹುದು, ಒಂದು ಷರತ್ತಿನ ಮೇಲೆ: ಏನೂ ನಡೆಯುತ್ತಿಲ್ಲ ಅನ್ನಿಸುವಾಗಲೂ ಏನೋ ಕಟ್ಟಲಾಗುತ್ತಿದೆ ಎಂಬುದು ನಿಮಗೆ ಕಾಣುತ್ತಿರಬೇಕು. 2002ರಿಂದ 2008ರವರೆಗೆ ಪ್ರಸಾರವಾದ ‘ದಿ ವೈರ್’ ಇದಕ್ಕೆ ಒಳ್ಳೆಯ ಉದಾಹರಣೆ. ಪೊಲೀಸರು ಫೋನ್ ಕದ್ದಾಲಿಸತೊಡಗುವುದಕ್ಕೇ ಅಲ್ಲಿ ಹಲವು ಕಂತುಗಳು ಹಿಡಿಯುತ್ತವೆ. ಆದರೆ ಅಷ್ಟರೊಳಗೆ ಠಾಣೆಯ ಒಳಜಗಳ, ಮಾದಕ ವಸ್ತು ಮಾರುವ ಹುಡುಗರ ನಡುವಿನ ಮೇಲುಕೀಳು, ಮೇಲಧಿಕಾರಿಗಳ ಅಂಜಿಕೆ ಎಲ್ಲವೂ ನಮ್ಮ ತಲೆಯಲ್ಲಿ ಕೂತಿರುತ್ತವೆ. ಪ್ರಸಾರದ ದಿನಗಳಲ್ಲಿ ಅದಕ್ಕೆ ದೊಡ್ಡ ವೀಕ್ಷಕವರ್ಗ ಇರಲಿಲ್ಲ. ಇಂದು ಟಿವಿಯ ಅತ್ಯುತ್ತಮ ಸರಣಿಗಳ ಪಟ್ಟಿಯಲ್ಲಿ ಅದರ ಹೆಸರು ತಪ್ಪುವುದು ಕಡಿಮೆ.

ಕೊಕ್ಕೆಯನ್ನು ಗುರುತಿಸಿ

ಮುಂದಿನ ಕಂತು ತಾನಾಗಿಯೇ ಶುರುವಾಗುವ ವ್ಯವಸ್ಥೆಯನ್ನು ಸೆಟ್ಟಿಂಗ್ಸ್‌ಗೆ ಹೋಗಿ ನಿಲ್ಲಿಸಿ. ಈ ಲೇಖನದಲ್ಲಿ ಒಂದನ್ನು ಮಾತ್ರ ಪಾಲಿಸುತ್ತೀರಿ ಎಂದಾದರೆ ಇದನ್ನೇ ಪಾಲಿಸಿ. ಕಂತು ಮುಗಿದ ಕೆಲವೇ ಸೆಕೆಂಡುಗಳಲ್ಲಿ ಇನ್ನೊಂದು ಶುರುವಾದರೆ ನಿರ್ಧಾರ ಮಾಡುವುದು ನೀವಲ್ಲ.

ಬಾಗಿಲು ಬಡಿಯುತ್ತದೆ, ತೆರೆದವರ ಮುಖ ಬಿಳಿಚಿಕೊಳ್ಳುತ್ತದೆ, ಪರದೆ ಕಪ್ಪಾಗುತ್ತದೆ. ಬಾಗಿಲಲ್ಲಿ ಯಾರು ಎಂಬ ಕುತೂಹಲ ಎಂಥ ಕಳಪೆ ಕತೆಯಲ್ಲೂ ಕೆರಳುತ್ತದೆ, ಏಕೆಂದರೆ ಉತ್ತರ ಅರಿಯದೆ ಉಳಿಯುವುದು ಮನಸ್ಸಿಗೆ ಕಷ್ಟ. ಆ ಕುತೂಹಲವನ್ನು ಕತೆಯ ಮೇಲಿನ ಪ್ರೀತಿ ಎಂದು ತಿಳಿದರೆ ಲೆಕ್ಕ ತಪ್ಪುತ್ತದೆ. ಎರಡನ್ನೂ ಬೇರ್ಪಡಿಸಲು ಸುಲಭದ ಉಪಾಯವಿದೆ. ಕಂತಿನ ಕೊನೆಯಲ್ಲಿ ನಿಲ್ಲಿಸಬೇಡಿ. ಮುಂದಿನ ಕಂತಿನ ಮೊದಲ ಹತ್ತು ನಿಮಿಷ ನೋಡಿ, ಬಾಗಿಲಲ್ಲಿ ಯಾರೆಂದು ತಿಳಿದ ಮೇಲೆ, ಒಂದು ದೃಶ್ಯ ಮುಗಿದಲ್ಲಿ ನಿಲ್ಲಿಸಿ. ಕೊಕ್ಕೆ ಕಳಚಿದ ಮೇಲೂ ನಾಳೆ ಮತ್ತೆ ಕೂರಬೇಕು ಅನ್ನಿಸುತ್ತಿದೆಯೇ? ಅನ್ನಿಸಿದರೆ ಅದು ಕತೆಯ ಶಕ್ತಿ.

ಆ ಹತ್ತು ನಿಮಿಷ ಇನ್ನೊಂದು ಸಂಗತಿಯನ್ನೂ ತೋರಿಸುತ್ತದೆ. ಹಿಂದಿನ ಕಂತು ಕೊಟ್ಟ ಆಘಾತವನ್ನು ಹೊಸ ಕಂತು ಹೇಗೆ ಬಿಡಿಸುತ್ತದೆ? ಗುಂಡು ತಗುಲಿದ್ದು ಬೇರೆಯವರಿಗೆ, ಕಂಡದ್ದು ಬರೀ ಕನಸು, ಕಿವಿಗೆ ಬಿದ್ದದ್ದು ಅರ್ಧ ಮಾತು ಎಂದು ಮತ್ತೆ ಮತ್ತೆ ಜಾರಿಕೊಂಡರೆ ಬರಹಗಾರರು ನಮ್ಮಿಂದ ಪಡೆದ ಆತಂಕಕ್ಕೆ ಏನನ್ನೂ ಮರಳಿಸುತ್ತಿಲ್ಲ ಎಂದೇ ಅರ್ಥ. ಒಮ್ಮೆ ಕ್ಷಮಿಸಬಹುದು. ಮೂರನೆಯ ಬಾರಿಗೆ ನಾನು ನಿಲ್ಲಿಸಿಬಿಡುತ್ತೇನೆ.

ಮಾಡಿದ್ದಕ್ಕೆ ಬೆಲೆ ಇದೆಯೇ

ಈಗ ಮುಖ್ಯವಾದದ್ದಕ್ಕೆ ಬರೋಣ. ಪ್ರತಿ ಕಂತಿನ ನಂತರ ಕೇಳಿಕೊಳ್ಳಿ: ಈ ಕಂತಿನಲ್ಲಿ ಯಾರಾದರೂ ಏನನ್ನಾದರೂ ಆರಿಸಿಕೊಂಡರೇ? ಆ ಆಯ್ಕೆಯಿಂದ ಮತ್ತೆ ಹಿಂದಕ್ಕೆ ಹೋಗಲಾರದಂಥದ್ದು ಏನಾದರೂ ನಡೆಯಿತೇ?

(‘ಬ್ರೇಕಿಂಗ್ ಬ್ಯಾಡ್’ ನೋಡದವರು, ನೋಡುವ ಯೋಚನೆಯಿದ್ದವರು ಮುಂದಿನ ಒಂದು ಪ್ಯಾರಾ ಬಿಟ್ಟು ಓದಬಹುದು.)

ಅದರಲ್ಲಿ ಕ್ಯಾನ್ಸರ್ ತಗುಲಿದ ರಸಾಯನಶಾಸ್ತ್ರದ ಮೇಷ್ಟ್ರು ಮಾದಕ ವಸ್ತು ತಯಾರಿಸಲು ಇಳಿಯುತ್ತಾನೆ. ಮೂರನೆಯ ಕಂತಿಗೆ ಬರುವ ಹೊತ್ತಿಗೆ, ತನ್ನನ್ನು ಕೊಲ್ಲಬಲ್ಲ ಒಬ್ಬ ಮನುಷ್ಯನನ್ನು ನೆಲಮಾಳಿಗೆಯಲ್ಲಿ ಕಂಬಕ್ಕೆ ಬಿಗಿದಿಟ್ಟಿದ್ದಾನೆ. ಬಿಡಬೇಕೋ ಕೊಲ್ಲಬೇಕೋ ಎಂದು ಹಾಳೆಯ ಮೇಲೆ ಪರ–ವಿರೋಧದ ಪಟ್ಟಿ ಬರೆಯುತ್ತಾನೆ. ಅವನಿಗೆ ತಿನ್ನಲು ಕೊಡುತ್ತಾನೆ, ಕೂತು ಮಾತಾಡುತ್ತಾನೆ, ಬಿಟ್ಟುಬಿಡಲು ಮನಸ್ಸು ಮಾಡುತ್ತಾನೆ. ಆಮೇಲೆ ಕಸದ ಬುಟ್ಟಿಯಲ್ಲಿದ್ದ ಒಡೆದ ತಟ್ಟೆಯ ತುಂಡುಗಳನ್ನು ಜೋಡಿಸಿ ನೋಡಿದರೆ ಒಂದು ಚೂಪಾದ ಚೂರು ಕಾಣೆ. ಕೊನೆಗೆ ಕೊಲ್ಲುತ್ತಾನೆ. ಇಡೀ ಕಂತಿನಲ್ಲಿ ಹೊರಗಿನ ಗಲಾಟೆ ಕಡಿಮೆ. ಆದರೆ ಅದು ಮುಗಿದಾಗ ಆ ಮೇಷ್ಟ್ರು ಹಿಂದಿನ ಮನುಷ್ಯನಲ್ಲ, ಮತ್ತೆ ಹಾಗಾಗಲಾರನೂ ಹೌದು. ಮೂರೇ ಕಂತಿನಲ್ಲಿ ಇಂಥದ್ದನ್ನು ಮಾಡಿ ತೋರಿಸಿದ ಬರಹಗಾರರನ್ನು ಮುಂದಕ್ಕೂ ನಂಬಬಹುದು.

ಇದಕ್ಕೆ ವ್ಯತಿರಿಕ್ತವಾದದ್ದು, ಒಂದು ಮಾತು ಆಡಿದ್ದರೆ ಮುಗಿದುಹೋಗುತ್ತಿದ್ದ ಜಗಳವನ್ನು ಮೂವತ್ತು ಕಂತು ಎಳೆಯುವ ಕತೆ. ಗಂಡ ಪತ್ರವನ್ನು ತಪ್ಪಾಗಿ ಓದಿದ, ಹೆಂಡತಿ ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಫೋನ್ ಬಂತು. ಇಲ್ಲಿ ಪಾತ್ರಗಳು ಏನನ್ನೂ ಆರಿಸಿಕೊಳ್ಳುತ್ತಿಲ್ಲ, ಬರಹಗಾರರು ಅವರ ಬಾಯಿ ಮುಚ್ಚಿಸುತ್ತಿದ್ದಾರೆ. ಮೌನಕ್ಕೆ ಪಾತ್ರದ ಸ್ವಭಾವದಲ್ಲೇ ಕಾರಣವಿದ್ದರೆ ಮಾತು ಬೇರೆ. ಅಭಿಮಾನಕ್ಕೋ ಭಯಕ್ಕೋ ನಾಚಿಕೆಗೋ ಒಬ್ಬರು ಬಾಯಿ ಬಿಡದಿದ್ದರೆ ಆ ಮೌನವೇ ಒಂದು ಆಯ್ಕೆ, ಅದರಿಂದ ಮಹತ್ವದ ಕತೆ ಹುಟ್ಟಬಹುದು. ದೈನಿಕ ಧಾರಾವಾಹಿಗಳಲ್ಲೂ ಇಂಥ ಕತೆಗಳಿರುತ್ತವೆ. ಎಳೆತದ ಕಾರಣಕ್ಕೆ ಅವನ್ನೆಲ್ಲ ಒಟ್ಟಾಗಿ ಕೀಳಾಗಿ ಕಾಣುವುದು ನನಗೆ ಒಪ್ಪಿಗೆಯಿಲ್ಲ.

ಮಂದವಾಗಿದೆಯೋ, ಕೆಟ್ಟಿದೆಯೋ

ಎರಡು–ಮೂರು ಕಂತು ಸಪ್ಪೆಯಾದರೆ ಗಾಬರಿ ಬೇಡ. ಯಾವ ದೀರ್ಘ ಕತೆಗೂ ಉಸಿರು ತೆಗೆದುಕೊಳ್ಳುವ ಜಾಗ ಬೇಕು. ಕೆಟ್ಟಿರುವುದರ ಲಕ್ಷಣಗಳು ಬೇರೆಯೇ: ಸತ್ತವರು ಮರಳಿ ಬರುವುದು, ಒಬ್ಬ ಖಳನಾಯಕ ಸೋತೊಡನೆ ಅವನಿಗಿಂತ ದೊಡ್ಡವನೊಬ್ಬ ಪ್ರತ್ಯಕ್ಷನಾಗುವುದು, ಬುದ್ಧಿವಂತೆ ಎಂದು ತೋರಿಸಿದವಳು ಕತೆಯ ಅನುಕೂಲಕ್ಕಾಗಿ ಒಂದು ದಿನ ಪೆದ್ದಿಯಾಗುವುದು. ನನಗೆ ಎಲ್ಲಕ್ಕಿಂತ ಕೊನೆಯದೇ ಹೆಚ್ಚು ನೋವು ಕೊಡುತ್ತದೆ. ಅಷ್ಟು ದಿನ ನಾವು ಅರಿತುಕೊಂಡ ವ್ಯಕ್ತಿಯನ್ನೇ ಅದು ಅಳಿಸಿಹಾಕುತ್ತದೆ.

ಪರದೆಯ ಹಿಂದಿನ ಕಾರಣಗಳನ್ನೂ ವಿಚಾರಿಸಿ. ‘ಬ್ರೇಕಿಂಗ್ ಬ್ಯಾಡ್’ನ ಮೊದಲ ಸೀಸನ್ ಏಳೇ ಕಂತಿಗೆ ನಿಂತದ್ದು 2007–08ರಲ್ಲಿ ಅಮೆರಿಕದ ಚಿತ್ರಕತೆಗಾರರು ನಡೆಸಿದ ಮುಷ್ಕರದಿಂದ, ಬರಹಗಾರರ ಸೋಲಿನಿಂದಲ್ಲ. ‘ಲಾಸ್ಟ್’ನ ಮೂರನೆಯ ಸೀಸನ್‌ನಲ್ಲಿ ಕತೆ ಇದ್ದಲ್ಲೇ ಸುತ್ತುತ್ತಿದೆ ಎಂಬ ದೂರು ಎದ್ದಿತ್ತು. ಎಲ್ಲಿ ಮುಗಿಸಬೇಕೆಂದು ತಿಳಿಯದೆ ರಹಸ್ಯಗಳನ್ನು ಬಿಡಿಸುವುದು ಹೇಗೆ? 2007ರ ಮೇ ತಿಂಗಳಲ್ಲಿ, ಇನ್ನು 48 ಕಂತುಗಳು, 2010ಕ್ಕೆ ಮುಕ್ತಾಯ ಎಂದು ಘೋಷಣೆಯಾಯಿತು. ಆ ಮೇಲಿನ ಬರಹದಲ್ಲಿ ಗುರಿಯಿತ್ತು, ಅಂತ್ಯದ ಬಗ್ಗೆ ವೀಕ್ಷಕರು ಇಂದಿಗೂ ಎರಡು ಪಾಳಯವಾಗಿದ್ದರೂ. ಕೊನೆಯ ದಿನಾಂಕ ಘೋಷಿಸಿದ ಸರಣಿ ಸದ್ಯಕ್ಕೆ ತಡವರಿಸುತ್ತಿದ್ದರೂ ಸ್ವಲ್ಪ ತಾಳ್ಮೆಗೆ ಅರ್ಹ. ‘ಗೇಮ್ ಆಫ್ ಥ್ರೋನ್ಸ್’ನದು ತಿರುಗುಮುರುಗು ಕತೆ. ಆರು ಸೀಸನ್‌ವರೆಗೆ ಹತ್ತು ಹತ್ತು ಕಂತು, ಕೊನೆಯ ಎರಡರಲ್ಲಿ ಏಳು ಮತ್ತು ಆರು. ಆಧಾರವಾಗಿದ್ದ ಕಾದಂಬರಿ ಮಾಲೆ ಆಗಿನ್ನೂ ಮುಗಿದಿರಲಿಲ್ಲ. ಮೊದಲು ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಪ್ರಯಾಣಗಳು ಒಂದೇ ಕಂತಿನಲ್ಲಿ ಮುಗಿಯತೊಡಗಿದವು. ಅವಸರವೂ ಎಳೆತದಷ್ಟೇ ದೊಡ್ಡ ದೋಷ.

ಇಷ್ಟು ನೋಡಿಯಾಯಿತಲ್ಲ ಎಂಬ ಮಾತು

ನಾಲ್ಕು ಸೀಸನ್ ನೋಡಿದ ಮೇಲೆ ಬಿಡಲು ಮನಸ್ಸು ಬರುವುದಿಲ್ಲ. ಮನಶ್ಶಾಸ್ತ್ರಜ್ಞರಾದ ಹಾಲ್ ಆರ್ಕೆಸ್ ಮತ್ತು ಕ್ಯಾಥರೀನ್ ಬ್ಲೂಮರ್ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದರದ್ದೇ ನಂಟಿರುವ ಪ್ರಯೋಗವೊಂದಿದೆ. ನಾಟಕಗಳ ಇಡೀ ವರ್ಷದ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ, ಅವರು ಕೇಳದಿದ್ದರೂ, ರಿಯಾಯಿತಿ ಕೊಡಲಾಯಿತು. ಪೂರ್ತಿ ದುಡ್ಡು ತೆತ್ತವರು ವರ್ಷದ ಮೊದಲಾರ್ಧದಲ್ಲಿ ಹೆಚ್ಚು ನಾಟಕಗಳಿಗೆ ಹೋದರು. ನಾಟಕಗಳು ಎಲ್ಲರಿಗೂ ಅವೇ. ಬದಲಾದದ್ದು ಕಳೆದುಕೊಂಡ ಹಣ ಮಾತ್ರ. ಧಾರಾವಾಹಿಯ ವಿಷಯದಲ್ಲಿ ಕೊಟ್ಟಿರುವುದು ಸಮಯ, ಅದು ಮುಂದೆ ನೋಡಿದರೂ ಮರಳುವುದಿಲ್ಲ. ಹಾಗಾಗಿ ಪ್ರಶ್ನೆಯನ್ನು ಹೀಗೆ ಬದಲಿಸಿ: ಹಿಂದಿನ ಕತೆಯೆಲ್ಲ ನನಗೆ ಗೊತ್ತಿದೆ, ಐದನೆಯ ಸೀಸನ್ ಮಾತ್ರ ಹೊಸದಾಗಿ ಎದುರಿಗಿದೆ, ಅದನ್ನು ಇಂದು ಶುರು ಮಾಡುತ್ತೇನೆಯೇ?

ಇಲ್ಲ ಎಂದಾದರೆ, ಆದರೂ ಅಂತ್ಯ ಏನೆಂದು ಕಾಡುತ್ತಿದ್ದರೆ, ಸಾರಾಂಶ ಓದಿಬಿಡಿ. ಅದರಲ್ಲಿ ಅಪರಾಧವೇನೂ ಇಲ್ಲ. ಅಂತ್ಯ ಮೊದಲೇ ತಿಳಿದರೆ ರುಚಿ ಕೆಡುತ್ತದೆ ಎಂದು ನಾವು ಬಲವಾಗಿ ನಂಬಿದ್ದೇವೆ. ಆದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2011ರಲ್ಲಿ ಸಣ್ಣಕತೆಗಳ ಮೇಲೆ ನಡೆಸಿದ ಅಧ್ಯಯನದಲ್ಲಿ, ಅಂತ್ಯ ತಿಳಿದು ಓದಿದವರು ಒಟ್ಟಾರೆಯಾಗಿ ಕತೆಯನ್ನು ಹೆಚ್ಚೇ ಮೆಚ್ಚಿದ್ದರು. ಸಾರಾಂಶ ಓದಿದ ಮೇಲೆ ‘ಅಯ್ಯೋ, ಇದನ್ನು ಕಣ್ಣಾರೆ ನೋಡಲೇಬೇಕು’ ಅನ್ನಿಸಿದರೆ ಮತ್ತೆ ಹೋಗಿ ಕೂರಿ. ‘ಸರಿ, ಗೊತ್ತಾಯಿತು’ ಅನ್ನಿಸಿದರೆ ಅಲ್ಲಿಗೆ ಮುಗಿಯಿತು.

ಬೇರೆಯವರನ್ನು ಕೇಳುವಾಗ

‘ಚೆನ್ನಾಗಿದೆಯಾ?’ ಎಂದು ಕೇಳಿದರೆ ಉಪಯೋಗವಿಲ್ಲದ ಉತ್ತರ ಸಿಗುತ್ತದೆ. ಯಾವ ಕಂತಿನಲ್ಲಿ ನಿಮಗೆ ಹಿಡಿಸಿತು, ಎಲ್ಲಿ ಬೇಸರವಾಯಿತು, ಮುಗಿದ ಮೇಲೆ ಯಾವ ಪಾತ್ರ ನೆನಪಿನಲ್ಲಿ ಉಳಿಯಿತು ಎಂದು ಕೇಳಿ. ಕಂತುವಾರು ಅಂಕ ಕೊಡುವ ತಾಣಗಳಲ್ಲಿ ಒಟ್ಟು ಅಂಕಕ್ಕಿಂತ ಏರಿಳಿತವನ್ನು ಗಮನಿಸಿ. ಕೊನೆಯ ಕಂತೊಂದೇ ಕುಸಿದಿದ್ದರೆ ಅದು ಅಂತ್ಯದ ಮೇಲಿನ ಕೋಪ ಇರಬಹುದು. ಇಡೀ ಸೀಸನ್ ಇಳಿಜಾರಾಗಿದ್ದರೆ ಎಚ್ಚರಿಕೆ.

ಜೊತೆಯಲ್ಲಿ ಕೂತು ನೋಡುವ ಧಾರಾವಾಹಿಗೆ ಮಾತ್ರ ಈ ನಿಯಮಗಳನ್ನು ಸಡಿಲಿಸುತ್ತೇನೆ. ಅಮ್ಮನ ಜೊತೆ, ಸಂಗಾತಿಯ ಜೊತೆ, ಗೆಳೆಯರ ಜೊತೆ ದಿನದ ಅರ್ಧ ಗಂಟೆ ಕೂರುವುದಕ್ಕೆ ಅದೊಂದು ನೆಪವಾಗಿದ್ದರೆ, ಕತೆ ಸಾಧಾರಣವಾಗಿದ್ದರೂ ಮುಂದುವರಿಸಿ. ಇಬ್ಬರಿಗೂ ಬೇಸರವಾಗಿದೆ, ಇನ್ನೊಬ್ಬರಿಗೆ ಇಷ್ಟವಿದೆ ಎಂದುಕೊಂಡು ಇಬ್ಬರೂ ಸುಮ್ಮನಿರುವುದೂ ಉಂಟು. ಬಾಯಿ ಬಿಟ್ಟು ಕೇಳಿಬಿಡಿ.

ನಿಲ್ಲಿಸುವ ಬಗೆ

ನಿಲ್ಲಿಸುವುದಾದರೆ ಸೀಸನ್‌ನ ಕೊನೆಯಲ್ಲಿ ನಿಲ್ಲಿಸಿ, ಅಲ್ಲಿ ಕತೆಯೇ ಒಂದು ತಂಗುದಾಣ ಕೊಟ್ಟಿರುತ್ತದೆ. ನಂತರ ‘ನೋಡುವುದನ್ನು ಮುಂದುವರಿಸಿ’ ಸಾಲಿನಿಂದ ಅದನ್ನು ತೆಗೆದುಹಾಕಿ. ಕಣ್ಣೆದುರು ಇದ್ದರೆ ಒಂದು ದಿನ ದಣಿವಿನಲ್ಲಿ ಬೆರಳು ಅದರ ಮೇಲೇ ಹೋಗುತ್ತದೆ. ಮತ್ತೆ ಬರುವ ಇರಾದೆಯಿದ್ದರೆ ಸೀಸನ್ ಮತ್ತು ಕಂತಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಈಗೀಗ ಎರಡು ಸೀಸನ್‌ಗಳ ನಡುವೆ ಎರಡು ವರ್ಷ ಕಳೆಯುವುದೂ ಸಾಮಾನ್ಯ. ಹೊಸ ಸೀಸನ್ ಬಂದಾಗ ‘ಇಲ್ಲಿಯವರೆಗೆ’ ಎಂಬ ಮರುನೋಟ ಹಾಕುವ ಮೊದಲು, ಪಾತ್ರಗಳು ಯಾವ ಇಕ್ಕಟ್ಟಿನಲ್ಲಿದ್ದವು ಎಂದು ನೆನಪಿಸಿಕೊಳ್ಳಿ. ಹೆಸರು ಮರೆತಿದ್ದರೂ ಅವರ ಸಂಕಟ ನೆನಪಿದ್ದರೆ, ಹಿಂದಿನ ಸೀಸನ್‌ನ ಕೊನೆಯ ಕಂತನ್ನು ಇನ್ನೊಮ್ಮೆ ನೋಡಿ ಹೊಸದನ್ನು ಆರಂಭಿಸಿ. ಮರುನೋಟ ನೋಡಿದ ಮೇಲೂ ಏನೂ ನೆನಪಾಗದಿದ್ದರೆ ಆ ಸಂಜೆಯನ್ನು ಬೇರೆ ಕತೆಗೆ ಕೊಡಿ.