ಪೇಂಟಿಂಗನ್ನು ಪ್ರಿಂಟ್ ಮಾಡಿಸಲಿಲ್ಲ, ಕತ್ತರಿಸಿ ಹೊಲಿದೆ

ನಾನು ಪ್ಯಾಟರ್ನ್ ಕಟರ್, ಉಡುಪಿನ ಒಂದೊಂದು ತುಂಡಿನ ಅಳತೆ, ಆಕಾರದ ನಮೂನೆ ಕತ್ತರಿಸುವುದು ನನ್ನ ಕೆಲಸ. ಪರಿಚಯದ ಪೇಂಟರ್ ಒಬ್ಬರು ತಮ್ಮ ಪ್ರದರ್ಶನಕ್ಕಾಗಿ ಚಿತ್ರಗಳನ್ನು ಉಡುಪು ಮಾಡಿಕೊಡಲು ಕೇಳಿದರು. ಅವರ ತಲೆಯಲ್ಲಿದ್ದದ್ದು ಸುಲಭದ ದಾರಿ: ಚಿತ್ರದ ಫೋಟೊ, ಡಿಜಿಟಲ್ ಪ್ರಿಂಟ್, ಒಂದು ನೇರ ಗೌನು. ನಾನು ಒಪ್ಪಲಿಲ್ಲ. ಹಾಗೆ ಮಾಡಿದರೆ ಅದು ಮ್ಯೂಸಿಯಂ ಅಂಗಡಿಯ ಟೀ ಶರ್ಟ್ ಆಗುತ್ತದೆ ಅಷ್ಟೇ. ಚಿತ್ರ ಚಿತ್ರವಾಗಿಯೇ ಇರುತ್ತದೆ, ಬಟ್ಟೆ ಸುಮ್ನೆ ಅದನ್ನು ಹೊತ್ತುಕೊಂಡಿರುತ್ತದೆ.

ಅವರಿಗೆ ಫ್ರೆಂಚ್ ಫ್ಯಾಷನ್ ಡಿಸೈನರ್ ಈವ್ ಸೇಂಟ್ ಲಾರೆಂಟ್ ಅವರ 1965ರ ಉಡುಪುಗಳ ಫೋಟೊ ತೋರಿಸಿದೆ. ಕಪ್ಪು ನೇರ ಗೆರೆ, ಬಣ್ಣದ ಚೌಕಗಳ ಪೇಂಟರ್ ಮಾಂಡ್ರಿಯಾನ್ ಅವರ ಚಿತ್ರಗಳಂತೆ ಕಾಣುತ್ತವಲ್ಲ, ಅವೇ. ನೋಡಿದ ತಕ್ಷಣ ಪ್ರಿಂಟ್ ಅನಿಸುತ್ತದೆ. ಪ್ರಿಂಟ್ ಅಲ್ಲ, ಒಂದೊಂದು ಬಣ್ಣವೂ ಬೇರೆ ಬೇರೆ ಉಣ್ಣೆ ಜೆರ್ಸಿ (ಹೆಣೆದ ಬಟ್ಟೆ) ತುಂಡು, ಜೋಡಿಸಿ ಹೊಲಿದದ್ದು. ಮೈಯ ಉಬ್ಬುತಗ್ಗಿಗೆ ಬೇಕಾದ ಆಕಾರವನ್ನೆಲ್ಲ ಆ ಗೆರೆಗಳ ಹೊಲಿಗೆಯಲ್ಲೇ ಅಡಗಿಸಿದ್ದಾರೆ. ಒಂದು ಡಾರ್ಟ್ (ಮೈಗೆ ಕೂರಲೆಂದು ಬಟ್ಟೆ ಮಡಿಸಿ ಹಾಕುವ ಹೊಲಿಗೆ) ಕೂಡ ಹೊರಗೆ ಕಾಣುವುದಿಲ್ಲ! ನಮ್ಮ ಚರ್ಚೆ ಅಲ್ಲಿಗೆ ಮುಗಿಯಿತು.

ಆದರೆ ಮಾಂಡ್ರಿಯಾನ್‌ದು ನೇರ ಗೆರೆ. ಇವರದ್ದು ದಪ್ಪ ಕಪ್ಪು ಬಳುಕು ಗೆರೆಗಳು. ಹೆಗಲಿನಿಂದ ಎದೆ ದಾಟಿ ಸೊಂಟಕ್ಕೆ ಇಳಿಯುವ ಹೊಲಿಗೆಯ ಮೇಲೆ ಅದೇ ಗೆರೆಯನ್ನು ಕೂರಿಸಬೇಕಾದರೆ ಗೆರೆ ಸ್ವಲ್ಪ ಸರಿಯಲೇಬೇಕು. "ನನ್ನ ಗೆರೆ ಎಳೆದಾಡಬೇಡಿ" ಅಂದರು ಅವರು. ಸರಿ, ನೀವೇ ಎಳೆಯಿರಿ ಅಂದೆ. ಕೋರಾ ಬಟ್ಟೆಯಲ್ಲಿ ಒಂದು ಸಾದಾ ಮಾದರಿ ಹೊಲಿದು, ಮಾಡೆಲ್‌ಗೆ ತೊಡಿಸಿ, ಪೇಂಟರ್ ಕೈಗೆ ಇದ್ದಿಲು ಕೊಟ್ಟೆ. ಮಾಡೆಲ್ ನಿಂತರು, ಕೂತರು, ಕೈ ಎತ್ತಿದರು, ಪ್ರತಿ ಸಲವೂ ಗೆರೆ ಬೇರೆ ಕಡೆ ಹೋಯಿತು, ಪೇಂಟರ್ ಒರೆಸಿ ಮತ್ತೆ ಬರೆದರು, ಕೊನೆಗೆ ಕ್ಯಾನ್ವಾಸ್‌ನಲ್ಲಿ ಇಲ್ಲದ ಒಂದು ಗೆರೆ ಕಂಕುಳ ಕೆಳಗೆ ತಾನಾಗಿಯೇ ಹುಟ್ಟಿತು. ಅದನ್ನು ನೋಡಿ ಅವರಿಗೇ ಖುಷಿ. ಆ ಗೆರೆಗಳ ಮೇಲೆಯೇ ಕತ್ತರಿಸಿದೆ. ಆ ತುಂಡುಗಳೇ ನನ್ನ ಪ್ಯಾಟರ್ನ್ ಆದವು.

ಹೊಲಿಗೆಯ ವಿಷಯ ಸ್ವಲ್ಪ ಹೇಳುತ್ತೇನೆ, ಮಾಡುವವರಿಗೆ ಬೇಕಾಗುತ್ತದೆ. ಎಲ್ಲ ಬಣ್ಣಕ್ಕೂ ಒಂದೇ ಥರದ ಬಟ್ಟೆ ತೆಗೆದುಕೊಂಡು, ಕತ್ತರಿಸುವ ಮುಂಚೆಯೇ ಕುಗ್ಗಿಸಿಕೊಳ್ಳಿ. ಬಳುಕು ಅಂಚುಗಳು ಎಳೆದು ಹಿಗ್ಗುತ್ತವೆ, ಜೋಡಿಸುವ ಮೊದಲೇ ಅಂಚಿನುದ್ದಕ್ಕೂ ಒಂದು ಸಾಲು ಹೊಲಿಗೆ ಹಾಕಿ. ತಿಳಿ ಬಣ್ಣ, ಕಡು ಬಣ್ಣ ಸೇರುವ ಕಡೆ ಮಾರ್ಜಿನ್ ಅನ್ನು (ಹೊಲಿಗೆಯಾಚೆ ಒಳಗೆ ಉಳಿಯುವ ಅಂಚು) ಕಡು ಬಣ್ಣದ ಕಡೆಗೇ ಇಸ್ತ್ರಿ ಮಾಡಿ ಮಡಿಸಿ, ಇಲ್ಲದಿದ್ದರೆ ತಿಳಿ ಬಟ್ಟೆಯೊಳಗಿಂದ ನೆರಳಿನ ಹಾಗೆ ಕಾಣುತ್ತದೆ. ಬಣ್ಣವನ್ನು ಬಿಸಿಲಲ್ಲಿ ನೋಡಿ ಆರಿಸಬೇಡಿ. ಜವಳಿ ಇಡುವ ಗ್ಯಾಲರಿಗಳಲ್ಲಿ ಸಾಮಾನ್ಯವಾಗಿ 50 ಲಕ್ಸ್ (ಬೆಳಕಿನ ಅಳತೆ) ಆಸುಪಾಸಿನ ಬೆಳಕು ಇರುತ್ತದೆ, ಜಾಸ್ತಿ ಬೆಳಕಿಗೆ ಬಣ್ಣ ಮಾಸುತ್ತದೆ ಅಂತ. ಆ ಮಂದ ಬೆಳಕಿನಲ್ಲಿ ಕಡು ನೀಲಿಯೂ ಕಪ್ಪೂ ಒಂದೇ ಆಗಿಬಿಡುತ್ತವೆ. ಹಾಗಾಗಿ ನೀಲಿಯನ್ನು ಸ್ವಲ್ಪ ತಿಳಿ ಮಾಡಿಕೊಂಡೆವು.

ಚಿತ್ರ ಮೈಯ ಯಾವ ಭಾಗಕ್ಕೆ ಬರುತ್ತದೆ ಅನ್ನುವುದು ಇನ್ನೂ ದೊಡ್ಡ ಪ್ರಶ್ನೆ. 1937ರಲ್ಲಿ ಡಿಸೈನರ್ ಎಲ್ಸಾ ಸ್ಕಿಯಾಪರೆಲ್ಲಿ ಅವರ ಬಿಳಿ ಉಡುಪಿಗೆ ಪೇಂಟರ್ ಸಾಲ್ವಡಾರ್ ಡಾಲಿ ದೊಡ್ಡ ಸಿಗಡಿಯಂಥ ಒಂದು ಕೆಂಪು ಲಾಬ್‌ಸ್ಟರ್ ಬರೆದುಕೊಟ್ಟರು. ಅದು ಸ್ಕರ್ಟಿನ ಮುಂಭಾಗದಲ್ಲೇ ಇದೆ. ಅದೇ ಲಾಬ್‌ಸ್ಟರ್ ತೋಳಿನ ಮೇಲಿದ್ದರೆ ಬರೀ ಅಲಂಕಾರ ಆಗಿರುತ್ತಿತ್ತು, ಅಲ್ವಾ? ಆ ಜಾಗದಲ್ಲಿ ಇರುವುದರಿಂದಲೇ ಅದು ತುಂಟತನ.

ನಾವು ಮುಖ್ಯ ಚಿತ್ರವನ್ನು ಬೆನ್ನಿಗೆ ಹಾಕಿದೆವು. ಇದು ನನ್ನ ಹಟ. ಈಗಿನ ಬಟ್ಟೆಗಳು ಫೋನಿನ ಫೋಟೊಗಾಗಿ ಹುಟ್ಟುತ್ತಿವೆ, ಮುಂಭಾಗ ಜೋರಾಗಿರುತ್ತದೆ, ಬೆನ್ನು ಅನಾಥ. ಹಾಗಂತ ಕ್ಯಾಮೆರಾಗಾಗಿ ಮಾಡಿದ್ದೆಲ್ಲ ಟೊಳ್ಳು ಅಂತಲ್ಲ. ಡಿಸೈನರ್ ಅಲೆಕ್ಸಾಂಡರ್ ಮೆಕ್ವೀನ್ ಅವರ 1999ರ ಬೇಸಿಗೆ ಸಂಗ್ರಹದ ಶೋನಲ್ಲಿ ಎರಡು ರೋಬೋಗಳು ತಿರುಗುತ್ತಿದ್ದ ಮಾಡೆಲ್‌ನ ಬಿಳಿ ಉಡುಪಿಗೆ ಬಣ್ಣ ಎರಚಿದವು. ಅಲ್ಲಿ ಮಾಡೆಲ್ ತಿರುಗುತ್ತಿದ್ದರು, ಉಡುಪಿನ ಸುತ್ತ ಬಣ್ಣ ಬಿತ್ತು, ಪೇಂಟಿಂಗ್ ಆಗುವುದನ್ನೇ ಜನ ನೋಡಿದರು. 2022ರಲ್ಲಿ ಕೊಪರ್ನಿ ಬ್ರಾಂಡಿನವರು ಮಾಡೆಲ್ ಬೆಲ್ಲಾ ಹದೀದ್ ಮೈಮೇಲೆ ಸ್ಪ್ರೇ ಮಾಡಿ ಉಡುಪನ್ನೇ ಮಾಡಿದ್ದು ಅದರ ಪಕ್ಕ ನನಗೆ ಸ್ವಲ್ಪ ಸಪ್ಪೆ ಅನಿಸಿತು. ವಿಡಿಯೊ ಮಾತ್ರ ಎಲ್ಲೆಡೆ ಓಡಿತು.

ನಮ್ಮ ಪ್ರದರ್ಶನದಲ್ಲಿ ಮ್ಯಾನೆಕ್ವಿನ್‌ಗಳನ್ನು ಗೋಡೆಗೆ ಒರಗಿಸದೆ ಕೋಣೆಯ ನಡುವೆ, ಬಾಗಿಲಿಗೆ ಮುಖ ಮಾಡಿ ನಿಲ್ಲಿಸಿದೆವು. ಒಳಗೆ ಬಂದವರಿಗೆ ಮೊದಲು ಕಾಣುವುದು ಸಾದಾ ಮುಂಭಾಗ. ಚಿತ್ರ ಬೇಕಾದರೆ ಸುತ್ತು ಹಾಕಿ ಹೋಗಬೇಕು. ಕೆಲವರು ಮುಂದಿನಿಂದ ಫೋಟೊ ತೆಗೆದು ಹೊರಟೇಬಿಟ್ಟರು, ಪೇಂಟರ್‌ಗೆ ಬೇಜಾರಾಯಿತು, ನನಗೆ ಆಗಲಿಲ್ಲ.

ಇನ್ನು ಹಕ್ಕಿನ ಮಾತು. ಇದನ್ನು ಕತ್ತರಿ ಹಿಡಿಯುವ ಮುಂಚೆಯೇ ಬರೆದಿಟ್ಟುಕೊಳ್ಳಿ. ಚಿತ್ರ ಅವರದ್ದು, ಪ್ಯಾಟರ್ನ್ ನನ್ನದು, ಫೋಟೊ ತೆಗೆದವರ ಅನುಮತಿ ಬೇರೆ. ಗೋಡೆಯ ಚೀಟಿಯಲ್ಲಿ ಮೊದಲು ಪೇಂಟರ್ ಹೆಸರೊಂದೇ ಬಂದಿತ್ತು. ಅವರೇ ಹೇಳಿ ಅದನ್ನು ಬದಲಾಯಿಸಿ, ನನ್ನ ಹೆಸರನ್ನೂ ಹೊಲಿಗೆಗೆ ಕೂತಿದ್ದ ಇಬ್ಬರು ಟೈಲರ್‌ಗಳ ಹೆಸರನ್ನೂ ಹಾಕಿಸಿದರು.