ನರ ಬೆಳೆಸೋ ಇಂಜೆಕ್ಷನ್ ಇದೆಯಂತಲ್ಲ ಸರ್?

ತಲೆಗೆ ಪೆಟ್ಟಾದವರ ಮನೆಯವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಇದೇ. ನಾನು ಫಿಸಿಯೋಥೆರಪಿಸ್ಟ್, ಇಂಜೆಕ್ಷನ್ ಬರೆಯೋದು ನನ್ನ ಕೆಲಸ ಅಲ್ಲ. ಆದರೂ ಕೇಳುತ್ತಾರೆ. ದಿನಾ ಒಂದು ಗಂಟೆ ಅವರ ಪಕ್ಕ ಕೂರುವವನು ನಾನೇ ಅಲ್ವಾ?

ಒಬ್ಬ ಹುಡುಗನ ತಾಯಿಯೂ ಕೇಳಿದರು. ಹೂವಿನ ವ್ಯಾಪಾರದ ಮನೆ. ಮಗ ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದಿದ್ದ. ಎಡಗೈ ಸೋತಿತ್ತು, ಮಾತು ಅರ್ಧಕ್ಕೇ ನಿಲ್ಲುತ್ತಿತ್ತು.

ಅವರು ಕೇಳಿದ್ದು ಸುಳ್ಳು ಸುದ್ದಿಯೇನಲ್ಲ. ಮುಸೊಲಿನಿಯ ಕಾನೂನು ಯಹೂದಿಗಳನ್ನು ಕೆಲಸದಿಂದ ಹೊರಗಟ್ಟಿದಾಗ, ಇಟಲಿಯ ರೀಟಾ ಲೆವಿ-ಮೊಂಟಾಲ್ಚಿನಿ ಮಲಗುವ ಕೋಣೆಯಲ್ಲೇ ಕೋಳಿಮೊಟ್ಟೆ ಇಟ್ಟುಕೊಂಡು ಮರಿಯ ನರ ಬೆಳೆಯುವುದನ್ನು ನೋಡುತ್ತಾ ಕೂತರು. ಮುಂದೆ ಅಮೆರಿಕದಲ್ಲಿ ಅವರಿಗೆ ಸಿಕ್ಕಿದ, ನರ ಬೆಳೆಸುವ ಪ್ರೋಟೀನೇ ಎನ್‌ಜಿಎಫ್ (ನರ್ವ್ ಗ್ರೋತ್ ಫ್ಯಾಕ್ಟರ್). ಅದಕ್ಕೆ 1986ರಲ್ಲಿ ಸ್ಟ್ಯಾನ್ಲಿ ಕೋಹೆನ್ ಜೊತೆ ನೊಬೆಲ್ ಬಂತು. ಅದರ ತಮ್ಮನಂಥ, ಮೆದುಳಿನ ನರಕೋಶಗಳನ್ನು ಪೋಷಿಸುವ ಬಿಡಿಎನ್‌ಎಫ್ ಅನ್ನೋ ಪ್ರೋಟೀನನ್ನು 1982ರಲ್ಲಿ ಬೇರೆ ವಿಜ್ಞಾನಿಗಳು ಹಂದಿಯ ಮೆದುಳಿನಿಂದ ಬೇರ್ಪಡಿಸಿದರು.

ಕಷ್ಟ ಇರೋದು ತಲುಪಿಸೋದರಲ್ಲಿ. ರಕ್ತಕ್ಕೂ ಮೆದುಳಿಗೂ ನಡುವೆ ಒಂದು ತಡೆ ಇದೆ. ಇಷ್ಟು ದೊಡ್ಡ ಪ್ರೋಟೀನು ಅದನ್ನು ದಾಟುವುದಿಲ್ಲ. 90ರ ದಶಕದಲ್ಲಿ ಸ್ವೀಡನ್‌ನಲ್ಲಿ ಕೆಲವು ಆಲ್‌ಝೈಮರ್ ರೋಗಿಗಳಿಗೆ ಮೆದುಳಿನೊಳಗೇ ಕೊಳವೆ ಇಟ್ಟು ಎನ್‌ಜಿಎಫ್ ಕೊಟ್ಟರು. ಬೆನ್ನುನೋವು ಬಂತು, ತೂಕ ಇಳಿಯಿತು. ನೋವಿನ ನರಗಳನ್ನು ಕೆರಳಿಸುವುದೂ ಇದೇ ಪ್ರೋಟೀನು ನೋಡಿ.

ಅಂದ ಮೇಲೆ ಮೆದುಳು ತಾನೇ ಮಾಡಿಕೊಳ್ಳಬೇಕು. ವ್ಯಾಯಾಮದಿಂದ ಬಿಡಿಎನ್‌ಎಫ್ ಜಾಸ್ತಿ ಆಗುತ್ತೆ ಅಂತ ಓದಿದ್ದೆ. ಹೊಸದರಲ್ಲಿ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡು ಒಬ್ಬ ರೋಗಿಯಿಂದ ಪೆಟ್ಟಾದ ಐದನೇ ದಿನಕ್ಕೇ ಸೈಕಲ್ ತುಳಿಸಿದೆ. ಸಂಜೆಗೆ ತಲೆನೋವು, ವಾಂತಿ. ಮೂರು ದಿನ ಕಿಟಕಿ ಪರದೆ ಸರಿಸಲು ಬಿಡಲಿಲ್ಲ. ತಪ್ಪು ನನ್ನದೇ.

ಆಮೇಲೆ ಲಾಸ್ ಏಂಜಲೀಸ್‌ನ ಗ್ರೇಸ್ ಗ್ರೀಸ್‌ಬಾಕ್ ಮತ್ತು ಸಂಗಡಿಗರ 2004ರ ಇಲಿ ಪ್ರಯೋಗ ಕಣ್ಣಿಗೆ ಬಿತ್ತು. ಪೆಟ್ಟಾದ ಕೂಡಲೇ ಚಕ್ರದಲ್ಲಿ ಓಡಿದ ಇಲಿಗಳಲ್ಲಿ ಬಿಡಿಎನ್‌ಎಫ್ ಏರಲೇ ಇಲ್ಲ, ನೀರಿನ ತೊಟ್ಟಿಯಲ್ಲಿ ದಾರಿ ಕಲಿಯುವುದೂ ಹಿಂದೆ ಬಿತ್ತು. ಎರಡು ವಾರ ಬಿಟ್ಟು ಓಡಿದವುಗಳಲ್ಲಿ ಏರಿತು, ಕಲಿಕೆಯೂ ಸುಧಾರಿಸಿತು. ಓದಿ ಸುಮ್ನೆ ಕೂತುಬಿಟ್ಟೆ.

ಇಲಿಯ ಎರಡು ವಾರವನ್ನು ಮನುಷ್ಯನಿಗೆ ಹಾಗೇ ಅಂಟಿಸೋಕಾಗಲ್ಲ. ಹಾಗಾಗಿ ಈ ಹುಡುಗನಿಗೆ ಮೊದಲು ಮಗ್ಗಲು ಬದಲಿಸುವುದು, ಕೂರಿಸುವುದು, ಕೀಲು ಹಿಡಿಯದಂತೆ ಆಡಿಸುವುದು, ಅಷ್ಟೇ. ನ್ಯೂರೋಸರ್ಜನ್ ಒಪ್ಪಿದ ಮೇಲೆ ಸೈಕಲ್. ತಲೆನೋವು ಶುರುವಾದಾಗ ನಾಡಿ 120 ಇತ್ತು. ಅದರ ನೂರಕ್ಕೆ 80, ಅಂದರೆ 96 ದಾಟಲು ಬಿಡಲಿಲ್ಲ. ಪ್ರತಿ ವಾರ ಮತ್ತೆ ನೋಡಿ ಗೆರೆ ಸರಿಸುತ್ತಿದ್ದೆ. ತಾಯಿಗೆ ಇದು ತೀರಾ ಸೋಮಾರಿ ಚಿಕಿತ್ಸೆ ಅನ್ನಿಸಿತ್ತು.

ಕೈಗೆ ರಬ್ಬರ್ ಚೆಂಡು ಕೊಟ್ಟರೆ ಎಸೆಯುತ್ತಿದ್ದ. ಒಂದು ದಿನ ತಾಯಿಯೇ ಮಲ್ಲಿಗೆ ಮೊಗ್ಗು, ಬಾಳೆನಾರು ತಂದರು. ಎಡಗೈ ಬೆರಳ ನಡುವೆ ಎರಡು ಮೊಗ್ಗು ಆಚೆ, ಎರಡು ಈಚೆ, ಬಲಗೈಯಿಂದ ನಾರು ಸುತ್ತಿ ಗಂಟು. ಸೆಟೆದ ಬೆರಳು ಮೊಗ್ಗನ್ನೇ ಹಿಂಡಿಬಿಡುತ್ತಿತ್ತು. ಮೊದಲ ದಿನ ಉಳಿದದ್ದು ನಾಲ್ಕು ಹೂ. ಹಿಡಿದದ್ದನ್ನು ಮೆಲ್ಲಗೆ ಬಿಡುವುದೇ ಅವನಿಗೆ ಕಷ್ಟ. ಅದಕ್ಕೇ ಮೂರು ವಾರ ಹೋಯಿತು.

ಅವನ ಮೆದುಳಲ್ಲಿ ಬಿಡಿಎನ್‌ಎಫ್ ಎಷ್ಟು ಏರಿತೋ ನಾನು ಅಳೆದಿಲ್ಲ. ಮೂರನೇ ತಿಂಗಳಿಗೆ ಅರ್ಧ ಮೊಳ ಕಟ್ಟಿದ. ಗಂಟು ಸಡಿಲ. ಅವನು ಆಚೆ ತಿರುಗಿದಾಗ ತಾಯಿ ಅದನ್ನು ಬಿಚ್ಚಿ ಬಿಗಿಯಾಗಿ ಕಟ್ಟಿ ಬುಟ್ಟಿಗೆ ಹಾಕಿಕೊಂಡರು. ನನ್ನ ಕಡೆ ನೋಡಿ, ಹೇಳಬೇಡಿ ಅಂತ ಕಣ್ಣಲ್ಲೇ ಸನ್ನೆ ಮಾಡಿದರು.